ಎದುರುಮನೆ ಮಾಮನ ರಕ್ತ ಹೇಳಿದ ಮಾತು

ಮೊನ್ನೆ ರಕ್ತ ತೆಗೆಯುವ ಕೋಣೆಯಲ್ಲಿ ಸ್ಪಿರಿಟ್ಟಿನ ಹತ್ತಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಗ ಎಲ್ಲಿಂದಲೋ ಮಾವಿನ ಹೂವಿನ ವಾಸನೆ ಬಂತು. ಕೋಲಾರದ ಆ ಕೋಣೆಗೆ ಕಿಟಕಿ ಎನ್ನುವುದೇ ಇಲ್ಲ, ಮೂಲೆಯಲ್ಲಿ ಏ.ಸಿ. ತಣ್ಣಗೆ ಗೊರಕೆ ಹೊಡೆಯುತ್ತಿರುತ್ತದೆ. ತಲೆಯೆತ್ತಿ ನೋಡಿದರೆ, ಎದುರು ಕುಳಿತಿದ್ದ ಹೆಂಗಸಿನ ಸ್ವೆಟರಿನ ಭುಜದ ಮೇಲೂ ಕೂದಲಿನಲ್ಲೂ ಹಳದಿ ಪುಡಿಯಂಥ ಹೂವಿನ ಚೂರುಗಳು. ಯಲ್ದೂರಿನ ಕಡೆಯವಳಂತೆ. ತೋಟದಿಂದ ಹಾಗೇ ಎದ್ದು ಬಂದಿದ್ದಾಳೆ. ಆ ವಾಸನೆ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಮಲ್ಲಿಗೆಯ ಹಾಗೆ ಘಮ್ಮೆನ್ನುವುದಿಲ್ಲ. ಸ್ವಲ್ಪ ಒಗರು, ಸ್ವಲ್ಪ ಧೂಳು, ಬಿಸಿಲಿನಲ್ಲಿಟ್ಟ ಬೆಲ್ಲದ ಮೂಟೆಯ ಪಕ್ಕ ನಿಂತ ಹಾಗೆ... ಅವಳ ತೋಳಿಗೆ ರಬ್ಬರು ಕಟ್ಟುತ್ತಾ ಕಟ್ಟುತ್ತಾ ನಾನು ಶ್ರೀನಿವಾಸಪುರದ ನಮ್ಮ ಬೀದಿಗೆ ಹೋಗಿಬಿಟ್ಟಿದ್ದೆ. ಎದುರುಮನೆಯ ಮಾಮ ಜಗಲಿಯ ಮೇಲೆ ಕುಳಿತು ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದರು.

ಮಾಮ ಎಂದರೆ ನೆಂಟರೇನಲ್ಲ. ಎದುರುಮನೆಯಲ್ಲಿದ್ದವರು ಮಾಮ, ಅವರ ಹೆಂಡತಿ ಅತ್ತೆ, ಅಷ್ಟೇ. ಯಾವ ಕಡೆಯಿಂದ ಎಂದು ಕೇಳುವ ಪದ್ಧತಿ ನಮ್ಮ ಬೀದಿಯಲ್ಲಿರಲಿಲ್ಲ. ಅವರಿಗೆ ಒಬ್ಬಳೇ ಮಗಳು, ಅವಳನ್ನು ಮಾಲೂರಿಗೆ ಕೊಟ್ಟಿದ್ದರು. ತೊಂಬತ್ತರ ದಶಕದಲ್ಲಿ, ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಮಾಮ ಮಾವಿನ ಫಸಲನ್ನು ಗುತ್ತಿಗೆ ಹಿಡಿಯುತ್ತಿದ್ದರು. ಅಂದರೆ ತೋಟ ರೈತನದು, ಮರ ರೈತನದು, ಆ ವರ್ಷದ ಕಾಯಿ ಮಾತ್ರ ಇವರದು. ಅದನ್ನು ಕೊಳ್ಳುವುದು ಕಾಯಿ ನೋಡಿ ಅಲ್ಲ. ಸಂಕ್ರಾಂತಿ ಕಳೆದು ಮರ ಹೂವು ಬಿಟ್ಟಾಗಲೇ ವ್ಯಾಪಾರ ಮುಗಿಯಬೇಕು. ಬರೀ ಹೂವು ನೋಡಿ ಜೂನ್ ತಿಂಗಳಲ್ಲಿ ಎಷ್ಟು ಲಾರಿ ಕಾಯಿ ಇಳಿಯುತ್ತದೆಂದು ಅಂದಾಜು ಹಾಕಬೇಕು. ಮಂಜು, ಹುಳ, ಆಲಿಕಲ್ಲು, ಗಾಳಿ ಎಲ್ಲ ಇನ್ನೂ ಮುಂದೆ ಬರಬೇಕಾದವು. ಮಾಮನ ಅಂದಾಜು ಸರಿಹೋದ ವರ್ಷಗಳೂ ಇದ್ದವು, ತಲೆಕೆಳಗಾದ ವರ್ಷಗಳೂ ಇದ್ದವು. ಸರಿಹೋದರೆ ಅದು ಅವರ ಕಣ್ಣಿನ ಗುಣ, ತಪ್ಪಿದರೆ ಆಕಾಶದ ದೋಷ.

ಒಂದೆರಡು ಸಲ ಭಾನುವಾರದಂದು ನನ್ನನ್ನೂ ಅತ್ತೆಯನ್ನೂ ಬಾಡಿಗೆ ಜೀಪಿನಲ್ಲಿ ಬೈರಕೂರಿನ ಕಡೆ ಕರೆದುಕೊಂಡು ಹೋಗಿದ್ದರು. ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಮರಗಳ ಕಾಂಡ ಕಾಣುತ್ತಿರಲಿಲ್ಲ, ಮೇಲಿನ ಹೂವು ಮಾತ್ರ ಮಂಜಿನಲ್ಲಿ ತೇಲುತ್ತಿತ್ತು. ಎಲ್ಲ ಕಡೆಯಿಂದ ಜೇನುಹುಳುಗಳ ಸದ್ದು. ತೋಟವೇ ಬಾಯಿ ಮುಚ್ಚಿಕೊಂಡು ಹಾಡುತ್ತಿದೆಯೇನೋ ಎನ್ನಿಸುತ್ತಿತ್ತು. ಎಲೆಯೇ ಕಾಣದಷ್ಟು ಹೂವು ಹೊತ್ತ ಮರದ ಮುಂದೆ ನಿಂತು ಮಾಮ ತೋಟದ ರೈತನ ಎದುರು ಮೂಗು ಮುರಿದರು. ಮೂಗು ಮುರಿಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ತುಟಿಯ ಒಂದು ತುದಿ ಕೆಳಗಿಳಿಯುತ್ತಿತ್ತು, ಒಂದು ಹುಬ್ಬು ಮೇಲೇರುತ್ತಿತ್ತು, ತಲೆ ಸಾವಿನ ಮನೆಯಲ್ಲಿ ಆಡಿಸುವ ಹಾಗೆ ಮೆಲ್ಲಗೆ ಆಡುತ್ತಿತ್ತು.

"ಏನಣ್ಣಾ ಇದು, ಇದೂ ಒಂದು ಪೂತಾನಾ? ನಾಲ್ಕು ದಿನ ಮಂಜು ಬಿದ್ರೆ ಕರ್ರಗಾಗೋಗುತ್ತೆ. ಕಾಯಿ ನಿಲ್ಲಲ್ಲ ಬಿಡು."

ಪೂತ ಎಂದರೆ ಹೂವು. ಗಡಿಯ ಆ ಕಡೆಯ ಮಾತು ನಮ್ಮ ಬಾಯಲ್ಲಿ ಹೀಗೆಯೇ ಬೆರೆತಿರುತ್ತದೆ. ವಾಪಸು ಬರುವಾಗ ನಾನು ಸುಮ್ಮನಿರಲಾರದೆ, "ಯಾಕ್ ಮಾಮ, ಅಷ್ಟು ಚೆನ್ನಾಗಿತ್ತಲ್ಲ?" ಎಂದು ಕೇಳಿದೆ. ಅವರು ನನ್ನ ಕಡೆ ತಿರುಗಿ ನಕ್ಕರು. "ಚೆನ್ನಾಗಿದೆ ಅಂತ್ಲೇ ಕಣಮ್ಮಾ ಚೆನ್ನಾಗಿಲ್ಲ ಅಂದಿದ್ದು. ಬೇಡದೇ ಇರೋ ತೋಟಕ್ಕೆ ಯಾರಾದ್ರೂ ಬಾಯಿ ನೋಯಿಸ್ಕೋತಾರಾ?"

ಬೆಲೆ ಮಾತ್ರ ಬಾಯಲ್ಲಿ ಬರುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಕೈಗೆ ಕೈ ಕೊಟ್ಟು, ಮೇಲೆ ಮಾಮನ ಹೆಗಲಿನ ಟವಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಟವಲು ಅಲುಗುವುದು ಕಾಣುತ್ತಿತ್ತು, ಇಬ್ಬರ ಮುಖ ಕಾಣುತ್ತಿತ್ತು, ಅಷ್ಟೇ. ಒಳಗೆ ನಡೆದದ್ದನ್ನು ಮೂರನೆಯವರು ಕೇಳುವಂತಿಲ್ಲ. ಸರಿಹೋಗದಿದ್ದರೆ ಮಾಮ ಟವಲನ್ನು ಸರಕ್ಕನೆ ಎಳೆದು ಹೆಗಲ ಮೇಲೆ ಹಾಕಿಕೊಂಡು ಹೊರಟೇಬಿಡುತ್ತಿದ್ದರು. ಜೀಪಿನ ಹತ್ತಿರ ಹೋಗುವವರೆಗೂ ಹಿಂತಿರುಗಿ ನೋಡುತ್ತಿರಲಿಲ್ಲ. ರೈತ ಹಿಂದಿನಿಂದ ಕೂಗಿ ಕರೆಯುತ್ತಾನೆಂದು ಅವರಿಗೆ ಗೊತ್ತಿರುತ್ತಿತ್ತು. ಕೆಲವು ಸಲ ಕರೆಯುತ್ತಲೂ ಇರಲಿಲ್ಲ, ಆಗ ದಾರಿಯುದ್ದಕ್ಕೂ ಮಾಮನ ಮುಖ ನೋಡುವಂತಿರುತ್ತಿರಲಿಲ್ಲ.

ಹೂವು ಉದುರಿ ಹೀಚು ಕಟ್ಟಿತೆಂದರೆ ಮಾಮ ಊರಿನಲ್ಲಿರುತ್ತಿರಲಿಲ್ಲ. ಔಷಧಿ ಹೊಡೆಸುವುದು, ಕಾವಲು, ಕೀಳಿಸುವುದು, ಮಂಡಿಗೆ ಸಾಗಿಸುವುದು... ತೋಟದಲ್ಲೇ ಗುಡಿಸಲು, ತೋಟದಲ್ಲೇ ಊಟ. ಬೇಸಿಗೆಯೆಲ್ಲ ಅತ್ತೆ ತಟ್ಟೆ ಹಿಡಿದುಕೊಂಡು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಳಿತು ಉಣ್ಣುತ್ತಿದ್ದರು. ಒಬ್ಬಳೇ ಕೂತರೆ ಅನ್ನ ಗಂಟಲಲ್ಲಿ ಇಳಿಯಲ್ಲ ಎನ್ನುತ್ತಿದ್ದರು. ಅಮ್ಮ ಸಾರು ಬಡಿಸುತ್ತಿದ್ದಳು. ಹೆಚ್ಚೇನೂ ಮಾತಿರುತ್ತಿರಲಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಕೋಲಾರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ ಎರಡು ಸಾವಿರದ ಇಸವಿ ದಾಟಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅಲ್ಲಿ ಎಂ.ಡಿ. ಓದುತ್ತಿದ್ದ ಒಬ್ಬ ಡಾಕ್ಟರಿದ್ದರು, ಬಾಗಲಕೋಟೆಯ ಕಡೆಯವರು. ತೆಳ್ಳಗೆ, ಯಾವಾಗಲೂ ನಿದ್ದೆಗೆಟ್ಟ ಕಣ್ಣು. ಲಕ್ವ ಹೊಡೆದವರು ಯಾರು ಬಂದರೂ ಅವರ ಮನೆಯವರನ್ನು ಕೇಳಿ ಒಂದು ಟ್ಯೂಬು ಹೆಚ್ಚಿಗೆ ರಕ್ತ ತೆಗೆಸುತ್ತಿದ್ದರು. ಅವರ ಓದಿಗೆ ಅದು ಬೇಕಿತ್ತು. ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡು ಅಲ್ಲೊಂದಿಷ್ಟು ಭಾಗ ಸತ್ತರೆ, ಆ ಸುದ್ದಿ ಇಡೀ ಮೈಗೆ ಮುಟ್ಟುತ್ತದಂತೆ. ಮೈಯೊಳಗೆ ಉರಿಯೂತ ಏಳುತ್ತದೆ, ಸಿ.ಆರ್.ಪಿ. ಎಂಬ ಒಂದು ಪ್ರೋಟೀನು ರಕ್ತದಲ್ಲಿ ಏರುತ್ತದೆ. ಬಂದ ದಿನವೇ ಅದು ಎಷ್ಟಿದೆ ಎಂದು ನೋಡಿದರೆ ಮೂರು ತಿಂಗಳ ಮೇಲೆ ಈ ಮನುಷ್ಯ ನಡೆಯುತ್ತಾನೋ ಇಲ್ಲವೋ, ಮಾತಾಡುತ್ತಾನೋ ಇಲ್ಲವೋ, ಈಗಲೇ ಅಂದಾಜು ಸಿಗಬಹುದೇ? ಅವರಿಗಿದ್ದ ಪ್ರಶ್ನೆ ಇಷ್ಟೇ. ಅದು ಹೆಚ್ಚಿದ್ದವರಿಗೆ ಚೇತರಿಕೆ ಕಡಿಮೆ ಎಂದು ಅವರು ನಂಬಿದ್ದರು.

ರಕ್ತ ಕೊಡುವವರಿಗೆ ಇದೆಲ್ಲ ಬೇಕಾಗಿರಲಿಲ್ಲ. "ಇರೋ ರಕ್ತಾನೂ ಹೀರ್ಕೊಳ್ತಾಳೆ ನೋಡು" ಎಂದು ಮುದುಕಿಯರು ನನ್ನನ್ನೇ ಬೈಯುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. "ನಿನ್ನದು ನಂಗ್ಯಾಕಜ್ಜಿ, ಬರೀ ನೀರಿದೆ" ಎನ್ನುತ್ತಿದ್ದೆ.

ಆ ವರ್ಷ ಹೂವು ಚೆನ್ನಾಗಿತ್ತು. ಬೆಳಗಿನ ಬಸ್ಸಿನ ಕಿಟಕಿ ತೆಗೆದರೆ ದಾರಿಯುದ್ದಕ್ಕೂ ಅದೇ ವಾಸನೆ. ಅಂಥ ಒಂದು ದಿನ, ಮಧ್ಯಾಹ್ನದ ಊಟಕ್ಕೆ ಡಬ್ಬಿ ತೆಗೆಯುತ್ತಿದ್ದಾಗ, ತುರ್ತು ವಾರ್ಡಿನಿಂದ ಕರೆ ಬಂತು. ಟ್ರೇ ಹಿಡಿದುಕೊಂಡು ಹೋದರೆ ಸ್ಟ್ರೆಚರಿನ ಮೇಲೆ ಮಾಮ. ಮುಖದ ಬಲಭಾಗ ಕೆಳಗೆ ಜಾರಿತ್ತು. ಬಲಗೈ ಯಾರದೋ ಕೈಯ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ಟವಲು ಹೆಗಲ ಮೇಲೇ ಇತ್ತು, ಅದರ ತುಂಬ ಹೂವು ಉದುರಿತ್ತು. ರಾಯಲ್ಪಾಡಿನ ಹತ್ತಿರ ಒಂದು ತೋಟ ನೋಡುತ್ತಾ ನಿಂತಿದ್ದವರು ಹಾಗೇ ಕುಸಿದರಂತೆ. ನನ್ನನ್ನು ನೋಡಿ ಏನೋ ಹೇಳಹೋದರು. ಬಾಯಿಂದ ಬರೀ ಗಾಳಿ ಬಂತು. ಬೀದಿಯ ಆ ತುದಿಗೆ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ.

ಅತ್ತೆ ಸ್ಟ್ರೆಚರಿನ ಕಂಬಿ ಹಿಡಿದುಕೊಂಡು ನಿಂತಿದ್ದರು. ಎರಡು ಟ್ಯೂಬು ನೋಡಿ, "ಯಾಕಮ್ಮಾ ಎರಡು?" ಎಂದರು.

"ಒಂದು ಡಾಕ್ಟ್ರಿಗೆ ಅತ್ತೆ. ಮುಂದಕ್ಕೆ ಹೆಂಗಾಗುತ್ತೆ ಅಂತ ಅದರಲ್ಲಿ ಗೊತ್ತಾಗುತ್ತೇನೋ ಅಂತ ನೋಡ್ತಾ ಇದ್ದಾರೆ. ನೀವು ಒಪ್ಪಿದ್ರೆ ಮಾತ್ರ."

"ತಗೋ. ಗೊತ್ತಾದ್ರೆ ನಂಗೂ ಹೇಳು. ಮಾತಾಡ್ತಾರಾ ಇಲ್ವಾ, ಅದೊಂದು ಹೇಳು ಸಾಕು."

ಮಾಮನ ನರ ಸುಲಭವಾಗಿ ಸಿಕ್ಕಿತು. ಟ್ಯೂಬುಗಳನ್ನು ತೆಗೆದುಕೊಂಡು ಹೋಗಿ ಯಂತ್ರದ ಮುಂದೆ ಕುಳಿತೆ. ಟ್ಯೂಬು ತಿರುಗುವಾಗ ಬರುವ ಆ ಸಣ್ಣ ಗುಂಯ್ ಸದ್ದು ಅವತ್ತು ಜೇನುಹುಳುಗಳ ಸದ್ದಿನಂತೆಯೇ ಕೇಳುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಬೈರಕೂರಿನ ಮಂಜು... ಕಣ್ಣು ತೆರೆದಾಗ ಫಲಿತಾಂಶ ಬಂದಿತ್ತು. ಹೆಚ್ಚಿತ್ತು. ಸ್ವಲ್ಪವಲ್ಲ, ಬಹಳ ಹೆಚ್ಚಿತ್ತು.

ಡಾಕ್ಟರು ಅದನ್ನು ನೋಡಿ ಮಾಮನ ಕೇಸ್ ಶೀಟನ್ನು ತಿರುವಿದರು. "ಕಾಲಾಗ ಒಂದು ಹಳೇ ಗಾಯ ಐತ್ರಿ ಅವರಿಗೆ, ಮುಳ್ಳು ನಟ್ಟಿದ್ದು. ಅದರಿಂದನೂ ಒಂದೀಟು ಏರಿರಬಹುದು" ಎಂದು ತಮಗೆ ತಾವೇ ಹೇಳಿಕೊಂಡರು. ಅವರಿಗೂ ಅದು ಕಡಿಮೆಯಿರಲಿ ಎಂಬ ಆಸೆಯಿದ್ದದ್ದು ನನಗೆ ಕಂಡಿತು. ಆದರೆ ಸ್ಕ್ಯಾನಿನಲ್ಲಿಯೂ ಎಡಭಾಗದಲ್ಲಿ, ಮಾತು ಹುಟ್ಟುವ ಜಾಗದ ಹತ್ತಿರವೇ ಪೆಟ್ಟು ಬಿದ್ದಿತ್ತು. ಅತ್ತೆಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಹೇಳಿದರು. "ಜೀವಕ್ಕ ಸದ್ಯ ಅಪಾಯ ಇಲ್ಲಮ್ಮಾ. ಆದ್ರ ಮಾತು, ಬಲಗೈ... ಮೊದಲಿನಂಗ ಆಗೋದು ಕಷ್ಟ ಐತಿ." ಅತ್ತೆ ಆಯಿತು ಎನ್ನುವಂತೆ ತಲೆಯಾಡಿಸಿದರು. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, "ಕಷ್ಟ ಅಂದ್ರೆ ಆಗಲ್ಲ ಅಂತಾನಾ?" ಎಂದರು. ಹಾಗೇನಿಲ್ಲ, ಕಷ್ಟ ಎಂದರೆ ಕಷ್ಟ ಎಂದು ನಾನು ಹೇಳಿದೆ.

ಅಷ್ಟರಲ್ಲಿ ಅತ್ತೆಯ ತಮ್ಮ ಬಂದಿಳಿದ. ರಾಯಲ್ಪಾಡಿನವನು, ಗಟ್ಟಿ ಗಂಟಲು. ಗಡಿಯಾಚೆಯ ಒಂದು ಊರಿನಲ್ಲಿ ಪಾರಿವಾಳ ಕೊಯ್ದು ಬಿಸಿ ರಕ್ತವನ್ನು ಸೋತ ಕೈಕಾಲಿಗೆ ತಿಕ್ಕುತ್ತಾರೆ, ಒಂದು ವಾರದಲ್ಲಿ ಎದ್ದು ಓಡಾಡುತ್ತಾರೆ, ಜೀಪು ತಂದಿದ್ದೇನೆ ಎಂದು ವಾರ್ಡಿನಲ್ಲೇ ನಿಂತು ಹೇಳಿದ. "ಇಲ್ಲಿ ಬರೀ ತೆಗೀತಾರೆ ಅಕ್ಕಾ, ಅಲ್ಲಿ ಹಚ್ತಾರೆ!" ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಲೇ, ಅವರು ಜೀವಮಾನದಲ್ಲಿ ಒಂದು ಇರುವೆ ಮೆಟ್ಟಿದೋರಲ್ಲ. ಮೈಮೇಲೆ ಪಾರಿವಾಳ ಕೊಯ್ದ್ರೆ ಇನ್ನೊಂದು ಸಲ ಲಕ್ವ ಹೊಡಿಯುತ್ತೆ. ಹೋಗಿ ಕಾಫಿ ತಗೊಂಬಾ." ಅವನು ಕಾಫಿ ತಂದ.

ಕೆಲವು ದಿನ ಕಳೆದ ಮೇಲೆ, ಒಂದು ಬೆಳಗ್ಗೆ, ಇನ್ನೊಂದು ಸಲ ರಕ್ತ ತೆಗೆಯಲು ನಾನು ಮಾಮನ ಮಂಚದ ಪಕ್ಕದಲ್ಲಿದ್ದೆ. ಡಾಕ್ಟರು ರೌಂಡ್ಸಿಗೆ ಬಂದರು. ಮಾಮ ಎಡಗೈಯಿಂದ ದಿಂಬಿನ ಕೆಳಗೆ ತಡಕಾಡಿ ಟವಲನ್ನು ಎಳೆದುಕೊಂಡರು. ಆಮೇಲೆ ತಮ್ಮ ಬಾಯಿ ಮುಟ್ಟಿ ತೋರಿಸಿದರು, ಸೋತ ಕೈ ತೋರಿಸಿದರು, ಡಾಕ್ಟರ ಕಡೆ ಎಡಗೈ ಚಾಚಿದರು. ಡಾಕ್ಟರು ಕೈ ಕುಲುಕಲು ಹೋದರು. ಮಾಮ ಬೇಡ ಎನ್ನುವಂತೆ ತಲೆಯಾಡಿಸಿ, ಟವಲನ್ನು ಇಬ್ಬರ ಕೈಗಳ ಮೇಲೂ ಹೊದಿಸಲು ಒದ್ದಾಡಿದರು. ಅದು ಜಾರಿ ಬಿತ್ತು. ಅತ್ತೆ ಎತ್ತಿ ಹೊದಿಸಿದರು.

"ಸರ್, ವ್ಯಾಪಾರಕ್ಕೆ ಕರೀತಿದ್ದಾರೆ" ಎಂದೆ ನಾನು. "ಹತ್ತು ಅಂದ್ರೆ ಮೊದಲಿನ ಹಾಗೆ ಪೂರ್ತಿ. ಅದರಲ್ಲಿ ಎಷ್ಟು ವಾಪಸ್ ಬರುತ್ತೆ ಅಂತ ಕೇಳ್ತಾ ಇದ್ದಾರೆ."

ಡಾಕ್ಟರ ಮುಖ ಒಂದು ಕ್ಷಣ ಹುಡುಗನದಾಯಿತು. "ನಮ್ಮ ಅಜ್ಜಾರು ಎತ್ತಿನ ಸಂತ್ಯಾಗ ಹಿಂಗ ಮಾಡತಿದ್ರು" ಎಂದು ಸ್ಟೂಲೆಳೆದು ಕುಳಿತೇಬಿಟ್ಟರು. ಹಿಂದೆ ನಿಂತಿದ್ದ ಸಿಸ್ಟರುಗಳು ಮುಸಿಮುಸಿ ನಕ್ಕರು. ಟವಲು ಅಲುಗಿತು. ಡಾಕ್ಟರು ಏನೋ ಹೇಳಿದರು, ಬೆರಳಲ್ಲಿ. ಮಾಮ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದರು. ಆಮೇಲೆ, ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ, ಮಾಮ ನಕ್ಕರು. ಅರ್ಧ ಬಾಯಿಯ ನಗು, ಎದೆಯಿಂದ ಬಂದ ಗೊರಗೊರ ಸದ್ದು. ಅವರು ತಮ್ಮ ಬೆಲೆ ಹೇಳಿದರು. ಆಗುವುದಿಲ್ಲ ಎನ್ನುವಂತೆ ಡಾಕ್ಟರು ತಲೆಯಾಡಿಸಿದರು. ಟವಲು ಮತ್ತೆ ಅಲುಗಿತು, ಮತ್ತೆ ಡಾಕ್ಟರು ತಲೆಯಾಡಿಸಿದರು. ಅವರ ಕಿವಿ ಕೆಂಪಾಗಿತ್ತು. ಕೊನೆಗೆ ಮಾಮ ಟವಲನ್ನು ಸರಕ್ಕನೆ ಎಳೆದು ಹೆಗಲಿಗೆ ಹಾಕಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು.

ಕಾರಿಡಾರಿನಲ್ಲಿ ಡಾಕ್ಟರು ನನಗೆ ಹೇಳಿದರು: "ಎರಡು ಅಂದೆ ನಾ. ಅವರು ಎಂಟು ಅಂದ್ರು. ನಾ ಎರಡರ ಮ್ಯಾಲೆ ಏರಲಿಲ್ಲ. ಸುಳ್ಳು ಹೇಳಾಕ ಬರಂಗಿಲ್ರಿ ನನಗ." ಪಾಪ, ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಿದ್ದರೆ ನನಗೂ ಅವರ ಮೇಲೆ ಗೌರವ ಉಳಿಯುತ್ತಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟು ಬಂದದ್ದು ನಿಜ.

ಮಧ್ಯಾಹ್ನ ಮಾಮನ ಹತ್ತಿರ ಹೋಗಿ, "ಅಲ್ಲ ಮಾಮ, ಯಾಕ್ ನಕ್ಕಿದ್ದು?" ಎಂದು ಕೇಳಿದೆ. ಅವರು ಎಡಗೈಯಿಂದ ಡಾಕ್ಟರು ಹೋದ ಬಾಗಿಲನ್ನು ತೋರಿಸಿದರು. ಆಮೇಲೆ ಇದ್ದ ಅರ್ಧ ಮುಖದಲ್ಲೇ ತುಟಿ ಕೆಳಗಿಳಿಸಿ, ಹುಬ್ಬೇರಿಸಿ, ತಲೆಯನ್ನು ಮೆಲ್ಲಗೆ ಆಡಿಸಿದರು. ಹೂವು ತುಂಬಿದ ಮರದ ಮುಂದೆ ನಿಂತು ಮೂಗು ಮುರಿಯುವ ಅವರದೇ ಮುಖ! ಡಾಕ್ಟರು ಬೆಲೆ ಇಳಿಸುತ್ತಿದ್ದಾರೆಂದು ಮಾಮ ತಿಳಿದಿದ್ದರು. ಎರಡು ಸಲ ಕೇಳಿದರೂ ಏರದಷ್ಟು ಗಟ್ಟಿಯಾಗಿ ಕೊಳ್ಳುವವನು ಇಳಿಸುತ್ತಿದ್ದಾನೆಂದರೆ ತೋಟ ಬಹಳ ಚೆನ್ನಾಗಿಯೇ ಇರಬೇಕು. ಜೀವನವಿಡೀ ಅವರು ಕಂಡದ್ದು ಇದೇ ಅಲ್ಲವೇ? ಅತ್ತೆಗೂ ಅದು ಅರ್ಥವಾಯಿತು. ಒಳಗೆ ಎಷ್ಟು ಹೇಳಿದರು ಎಂದು ಅವರು ಕೇಳಲಿಲ್ಲ, ಕೇಳುವ ಪದ್ಧತಿಯಿರಲಿಲ್ಲ. ಗಂಡ ನಕ್ಕದ್ದನ್ನು ನೋಡಿದ್ದರು, ಅಷ್ಟು ಸಾಕಾಗಿತ್ತು.

ಮನೆಗೆ ಕರೆತಂದರು. ಆ ಬೇಸಿಗೆ ನನಗೆ ಒಂದು ಉದ್ದನೆಯ ಮಧ್ಯಾಹ್ನದಂತೆ ನೆನಪಿದೆ. ಬೀದಿಯಲ್ಲಿ ಮಾವಿನ ಲಾರಿಗಳು ಹೋಗುತ್ತಿದ್ದವು. ಮಾಮ ಜಗಲಿಯ ಮೇಲೆ ಕುಳಿತಿರುತ್ತಿದ್ದರು, ಲಾರಿ ಹೋದ ಮೇಲೆ ಉಳಿಯುವ ವಾಸನೆಯಲ್ಲೇ ಬೇನಿಷಾ ಯಾವುದು, ತೋತಾಪುರಿ ಯಾವುದು ಎಂದು ಗುರುತು ಹಿಡಿದು ತಲೆಯಾಡಿಸುತ್ತಿದ್ದರು. ಅತ್ತೆ ಅವರ ಕೈಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು, ಗೋಡೆ ಹಿಡಿಸಿ ನಡೆಸುತ್ತಿದ್ದರು. ಮಾಮ ಒಂದು ದಿನವೂ ಬೇಡವೆನ್ನಲಿಲ್ಲ. ಗೆಲ್ಲುವ ವ್ಯಾಪಾರವೆಂದು ಗೊತ್ತಿದ್ದವರ ಹುರುಪು ಅದು. ಸಂಜೆ ನಾನು ಬಸ್ಸಿಳಿದು ಬೀದಿಗೆ ಬರುವುದನ್ನೇ ಕಾಯುತ್ತಿದ್ದು, ಎಡಗೈ ಎತ್ತಿ ಬೆರಳು ತೋರಿಸುತ್ತಿದ್ದರು. ಒಂದು ದಿನ ಮೂರು. ಇನ್ನೊಂದು ದಿನ, ಒಬ್ಬರೇ ಬಚ್ಚಲವರೆಗೆ ನಡೆದ ದಿನ, ನಾಲ್ಕು. ಮಾರನೆಯ ದಿನ ಏನೋ ಬೇಸರವಾಗಿ ಮತ್ತೆ ಮೂರಕ್ಕೆ ಇಳಿಸಿದ್ದರು. ನಾನು ಬೀದಿಯ ಈ ಕಡೆಯಿಂದಲೇ ಮೂಗು ಮುರಿಯುತ್ತಿದ್ದೆ. ಅವರಿಗೆ ಅದೇ ಬೇಕಿತ್ತು.

ಮಾತು ಮಾತ್ರ ಬರಲಿಲ್ಲ. ಅತ್ತೆ ಮಗುವಿಗೆ ಕಲಿಸುವಂತೆ ಒಂದೊಂದೇ ಪದ ಹೇಳಿಕೊಡುತ್ತಿದ್ದರು. ನೀರು ಅನ್ನಿ. ಹಾಲು ಅನ್ನಿ. ಮಗಳ ಹೆಸರು ಹೇಳಿ. ಮಾಮನ ಗಂಟಲಿನ ನರ ಉಬ್ಬುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಪದ ಬರುತ್ತಿರಲಿಲ್ಲ. ಆಮೇಲೆ ಒಂದು ಭಾನುವಾರ ನಾವು ಊಟಕ್ಕೆ ಕುಳಿತಿದ್ದಾಗ ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬೀದಿ ದಾಟಿ ಓಡಿಬಂದರು. "ಉಪ್ಪು ಅಂದ್ರು! ಉಪ್ಪು ಅಂದ್ರು ಕಣಮ್ಮಾ!" ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದರು, ಅತ್ತೆ ಪೂರ್ತಿ ಬಿಟ್ಟೇಬಿಟ್ಟಿದ್ದರು. ಅಷ್ಟು ದಿನ ಸಪ್ಪೆ ಸಾರು ನುಂಗಿ ನುಂಗಿ ಸಾಕಾಗಿ ಮಾಮನ ಬಾಯಿ ತೆರೆದಿತ್ತು. ಎಲ್ಲರೂ ಕೈ ತೊಳೆಯದೆ ಓಡಿಹೋದೆವು. ಮಾಮ ತಟ್ಟೆಯ ಮುಂದೆ ಕುಳಿತು, ನಮ್ಮನ್ನೆಲ್ಲ ನೋಡಿ, ಸಿಟ್ಟಿನಿಂದ, ಸ್ಪಷ್ಟವಾಗಿ ಇನ್ನೊಂದು ಸಲ ಹೇಳಿದರು. ಅತ್ತೆ ಚಿಟಿಕೆ ಉಪ್ಪು ಹಾಕಿದರು. ಹಾಕುತ್ತಾ ಅತ್ತರು.

ಆಮೇಲೆ ಇನ್ನೂ ಕೆಲವು ಪದಗಳು ಬಂದವು. ಬೇಡ, ಬಾ, ಸಾಕು. ಅತ್ತೆಯನ್ನು ಕರೆಯಲು "ಇವಳೇ". ವಾಕ್ಯ ಎನ್ನುವುದು ಬರಲೇ ಇಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ನೋಡಬೇಕೆಂದು ಹೇಳಿದ್ದರು. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೋಲೂರಿಕೊಂಡು, ಬಲಗಾಲನ್ನು ಅರೆವೃತ್ತ ಎಳೆಯುತ್ತಾ ಒಳಗೆ ನಡೆದರು. ಡಾಕ್ಟರು ಎದ್ದು ನಿಂತು ಕುರ್ಚಿ ಕೊಟ್ಟರು. ಅವರು ಕೇಳಲೇಬೇಕಾದ ಪ್ರಶ್ನೆಗಳಿದ್ದವು, ಅತ್ತೆಯನ್ನು ಕೇಳಿದರು.

"ತಾವೇ ಊಟ ಮಾಡ್ತಾರೇನಮ್ಮಾ?"

"ನಾನೇ ಕಲಸಿ ತಿನ್ನಿಸ್ತೀನಿ."

"ತಾವೇ ಬಟ್ಟೆ ಹಾಕ್ಕೊತಾರ? ಸ್ನಾನ?"

"ಎಲ್ಲಾ ನಾನೇ. ಮೊದಲೂ ಬನಿಯನ್ನು ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ ಬಿಡಿ."

"ಮೊದಲು ಮಾಡ್ತಿದ್ದ ಕೆಲಸಕ್ಕ ಹೋಗ್ತಾರ?"

"ಇಲ್ಲಪ್ಪ. ಮನೇಲೇ ಇರ್ತಾರೆ."

ಪ್ರತಿಯೊಂದಕ್ಕೂ ಡಾಕ್ಟರ ಪೆನ್ನು ತಪ್ಪು ಗುರುತು ಹಾಕುತ್ತಿತ್ತು. ಮಾಮ ಅದನ್ನು ನೋಡುತ್ತಿದ್ದರು. ಆಮೇಲೆ ಡಾಕ್ಟರು ನನಗೆ ಹೇಳಿದರು: "ಎರಡಲ್ರಿ, ನಾಕು ಅನ್ನಬಹುದೇನೋ. ಆದ್ರ ನನ್ನ ಲೆಕ್ಕದಾಗ ನಾಕಕ್ಕ ಜಾಗಾ ಇಲ್ಲ. ತಮ್ಮ ಕೆಲಸಾ ತಾವು ಮಾಡ್ಕೊಳ್ಳಾಕ ಬರಂಗಿಲ್ಲ ಅಂದ್ರ ಚೇತರಿಕೆ ಆಗಿಲ್ಲ ಅಂತನಽ ಬರೀಬೇಕು. ರಕ್ತ ಹೇಳಿದ್ದು ಖರೆ ಆತು." ಅವರ ಓದಿಗೆ ಅದು ಒಳ್ಳೆಯ ಸುದ್ದಿಯಾಗಿರಬೇಕಿತ್ತು, ಆದರೆ ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಹೊರಗೆ ಮಾಮ ಬೆಂಚಿನ ಮೇಲೆ ಕುಳಿತು ಅತ್ತೆಯ ಹೆಗಲಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದರು.

ಮುಂದಿನ ಹೂವು ಬಿಡುವ ಮೊದಲೇ, ಕಾರ್ತಿಕದ ಒಂದು ಬೆಳಗ್ಗೆ, ಮಾಮನಿಗೆ ಎರಡನೆಯ ಸಲ ಪೆಟ್ಟು ಬಿತ್ತು. ಈ ಸಲ ರಕ್ತ ತೆಗೆಯುವಷ್ಟು ಹೊತ್ತೂ ಕೊಡಲಿಲ್ಲ. ಡಾಕ್ಟರು ಓದು ಮುಗಿಸಿ ತಮ್ಮ ಊರಿಗೆ ಹೋಗಿದ್ದರು. ಯಾರೋ ಮಾಮನ ಎಡಗೈಯನ್ನು ಎದೆಯ ಮೇಲಿಟ್ಟಿದ್ದರು. ನಾನು ಅದರ ಬೆರಳುಗಳನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ.

ಅದಾದ ಎಷ್ಟೋ ದಿನದ ಮೇಲೆ ಅತ್ತೆ ಸಕ್ಕರೆ ಪರೀಕ್ಷೆಗೆಂದು ನಾನಿದ್ದಲ್ಲಿಗೆ ಬಂದರು. ಹೊರಗೆ ಜನರಿರಲಿಲ್ಲ. ರಕ್ತ ತೆಗೆದು, ಹತ್ತಿಯಿಟ್ಟು, ತೋಳು ಮಡಚಿಕೊಳ್ಳಿ ಎಂದೆ. ಮಡಚಿಕೊಂಡವರು ಏಳಲಿಲ್ಲ.

"ಒಂದು ಮಾತು ಹೇಳ್ಲಾ? ಯಾರ ಹತ್ರಾನೂ ಹೇಳಿಲ್ಲ. ಮಗಳ ಹತ್ರಾನೂ ಇಲ್ಲ."

"ಹೇಳಿ ಅತ್ತೆ."

"ಮದುವೆ ಆದಾಗಿಂದ ಮಾವಿನ ಸೀಜನ್ನಲ್ಲಿ ಅವರು ನನ್ನ ಪಕ್ಕ ಕೂತು ಊಟ ಮಾಡಿದ್ದು ಆ ವರ್ಷ ಒಂದೇ ಕಣಮ್ಮಾ. ಅವರ ಕೈ ಹಿಂಗಾಯ್ತಲ್ಲ, ಅಷ್ಟು ಮಾತಾಡ್ತಿದ್ದೋರ ಬಾಯಿ ಹಿಂಗಾಯ್ತಲ್ಲ ಅಂತ ಬಚ್ಚಲಲ್ಲಿ ನಿಂತ್ಕೊಂಡು ಅಳ್ತಿದ್ದೆ. ಆಮೇಲೆ ಮುಖ ತೊಳ್ಕೊಂಡು ಬಂದು ಅನ್ನ ಕಲಸಿ ಬಾಯಿಗಿಡ್ತಿದ್ದೆ. ಆಗ ನಂಗೆ ಸಂತೋಷ ಆಗ್ತಿತ್ತು. ದೇವ್ರಾಣೆಗೂ ಸಂತೋಷ ಆಗ್ತಿತ್ತು." ಅವರು ಮಡಚಿದ ತೋಳನ್ನೇ ನೋಡುತ್ತಿದ್ದರು. "ಇದು ಪಾಪ ಅಲ್ವಾ?"

"ಅಲ್ಲ ಅತ್ತೆ" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ತಾನಾಗಿ ಬಂತು.

"ಹಂಗಾದ್ರೆ ಸರಿ" ಎಂದು ಎದ್ದು, ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಈಗ ಲಕ್ವ ಹೊಡೆದವರ ರಕ್ತದಲ್ಲಿ ನೋಡುವುದಕ್ಕೆ ಇನ್ನೂ ಏನೇನೋ ಬಂದಿವೆ. ಹೆಸರು ಹೇಳಲು ನನಗೆ ನಾಲಿಗೆ ತಿರುಗದಂಥ ಪರೀಕ್ಷೆಗಳು. ಯಾರು ಏಳುತ್ತಾರೆ, ಯಾರು ಏಳುವುದಿಲ್ಲ ಎಂದು ಅವತ್ತಿಗಿಂತ ಚೆನ್ನಾಗಿ ಹೇಳುತ್ತಾರಂತೆ. ಹೇಳಲಿ, ಒಳ್ಳೆಯದೇ. ಆ ಡಾಕ್ಟರ ಲೆಕ್ಕದಲ್ಲಿ ಮಾಮ ಚೇತರಿಸಿಕೊಳ್ಳದವರ ಕಡೆ ಸೇರಿದರು, ಅದು ತಪ್ಪೂ ಅಲ್ಲ. ತಾವೇ ಉಣ್ಣುತ್ತಾರೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಉಣ್ಣಿಸಿದವಳಿಗೆ ಹೇಗಿತ್ತು ಎಂಬ ಪ್ರಶ್ನೆ ಇರಲಿಲ್ಲ. ಮಾಮ ಹೋಗಿ ಎಷ್ಟೋ ವರ್ಷಗಳಾದವು, ಈಗ ಅತ್ತೆಯೂ ಇಲ್ಲ... ಆ ಒಂದು ಬೇಸಿಗೆ ಚೆನ್ನಾಗಿತ್ತು ಎಂದು ಹೇಳುವುದಕ್ಕೆ ಈಗ ನಾನೊಬ್ಬಳೇ ಉಳಿದಿದ್ದೇನೆ.